ಬೋಟು ದಡದಲ್ಲಿರುವಾಗಲೇ ಒಂದು ಪರೀಕ್ಷೆ

ನಮಸ್ಕಾರ. ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೇಳುತ್ತಿರುವ ಅಕ್ಕಂದಿರೇ, ತಂಗಿಯರೇ, ಇವತ್ತು ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ಬಗ್ಗೆ ಮಾತಾಡುತ್ತೇನೆ. ಮನೆಯಲ್ಲಿ ಗಂಡಸರಿದ್ದಾರೆ ಅಂತ ರೇಡಿಯೋ ಸಣ್ಣ ಮಾಡಬೇಡಿ. ಅವರೂ ಕೇಳಲಿ.

ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಜಾಸ್ತಿ ಕಾಣುವುದು ಇದೇ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೊಸ ರೋಗಿಗಳು, 80 ಸಾವಿರದ ಹತ್ತಿರ ಸಾವು. ಸಂಕಟ ಆಗುವುದು ಯಾಕೆ ಅಂದರೆ, ಇದು ರಾತ್ರಿ ಬೆಳಗಾಗುವುದರೊಳಗೆ ಬರುವ ರೋಗ ಅಲ್ಲ. ಎಚ್‌ಪಿವಿ ಅನ್ನುವ ವೈರಸ್ ಒಳಗೆ ಸೇರಿ, ಹೋಗದೆ ಉಳಿದುಕೊಂಡು, ನಿಧಾನಕ್ಕೆ ಅಲ್ಲಿನ ಜೀವಕೋಶಗಳನ್ನು ಕೆಡಿಸಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ವರ್ಷ ನಮ್ಮ ಕೈಯಲ್ಲಿರುತ್ತದೆ. ಅದನ್ನು ನಾವು ನಾಚಿಕೆಯಲ್ಲೇ ಕಳೆದುಬಿಡುತ್ತೇವೆ.

ಈ ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ, ನಿಜ. ಹಾಗಂತ ಯಾರ ನಡತೆಯ ಬಗ್ಗೆಯೂ ಮಾತಾಡಬೇಕಾಗಿಲ್ಲ. ಒಬ್ಬರ ಜೊತೆಗೇ ಬಾಳಿದವರಿಗೂ ತಗಲಬಹುದು. ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಯಾವಾಗಲಾದರೂ ಒಮ್ಮೆ ತಗಲಿರುತ್ತದೆ, ಬಹಳ ಜನರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗಿಯೂ ಬಿಡುತ್ತದೆ. ಕೆಲವರಲ್ಲಿ ಹೋಗುವುದಿಲ್ಲ. ತೊಂದರೆ ಅಲ್ಲೇ.

ಇದಕ್ಕೆ ಲಸಿಕೆ ಇದೆ. ಈ ಕ್ಯಾನ್ಸರಿನ ನೂರಕ್ಕೆ 70 ಪಾಲಿಗೆ ಕಾರಣವಾದ 16 ಮತ್ತು 18ನೇ ಬಗೆಯ ಎಚ್‌ಪಿವಿಯನ್ನು ಅದು ತಡೆಯುತ್ತದೆ. 9ರಿಂದ 14 ವರ್ಷದ ಹುಡುಗಿಯರಿಗೆ ಕೊಟ್ಟರೆ ಒಳ್ಳೆಯದು. ಇಷ್ಟು ಚಿಕ್ಕ ಮಗುವಿಗೆ ಇದೆಲ್ಲ ಯಾಕೆ ಅಂತ ಅಮ್ಮಂದಿರು ಕೇಳುತ್ತಾರೆ. ವೈರಸ್ ಬರುವ ಮೊದಲೇ ಕೊಡಬೇಕು, ಅದಕ್ಕೇ. ಒಳಗೆ ಸೇರಿದ್ದನ್ನು ಓಡಿಸುವ ಶಕ್ತಿ ಲಸಿಕೆಗೆ ಇಲ್ಲ.

ಹಾಗಾದರೆ ನಮ್ಮ ವಯಸ್ಸಿನವರಿಗೆ? 30 ದಾಟಿದವರಿಗೆ ಪರೀಕ್ಷೆ ಇದೆ, ಅಡ್ಮಿಟ್ ಆಗಬೇಕಾಗಿಲ್ಲ. ಮೇಜಿನ ಮೇಲೆ ಮಲಗಿಸಿ, ಮೊಣಕಾಲು ಮಡಿಸಲು ಹೇಳಿ, ಒಂದು ಸಾಧನದಿಂದ ಗರ್ಭಕೋಶದ ಬಾಯಿ ಕಾಣುವಂತೆ ಮಾಡುತ್ತಾರೆ. ಆಗ ಸ್ವಲ್ಪ ಬಿಗಿ ಅನಿಸುತ್ತದೆ, ಉಸಿರು ಸಡಿಲ ಬಿಟ್ಟರೆ ಸುಲಭ. ವಿನೆಗರ್ ಇದೆಯಲ್ಲ, ಅದೇ ಜಾತಿಯ ತೆಳು ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಹಚ್ಚಿ, ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಅಷ್ಟೇ. ಬೆಳ್ಳಗಾಯಿತು ಅಂದರೆ ಕ್ಯಾನ್ಸರ್ ಅಂತಲ್ಲ, ಅದು ಕ್ಯಾನ್ಸರ್ ಆಗುವುದಕ್ಕೆ ಬಹಳ ಮುಂಚಿನ ಹಂತ ಆಗಿದ್ದರೆ ಆ ಜಾಗಕ್ಕೆ ಮಾತ್ರ ಚಿಕಿತ್ಸೆ ಮಾಡಿ ಮುಗಿಸಬಹುದು. ಲಸಿಕೆ ಹಾಕಿಸಿಕೊಂಡವರೂ 30 ದಾಟಿದ ಮೇಲೆ ಈ ಪರೀಕ್ಷೆ ಮಾಡಿಸಬೇಕು.

ಇನ್ನೊಂದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋದರೆ, ವಾಸನೆ ಇರುವ ಬಿಳಿ ಸೆರಗು ನಿಲ್ಲದಿದ್ದರೆ, ಉಷ್ಣ ಆಗಿದೆ ಅಂತ ಎಳನೀರು, ಮುರುಗಲ ಪಾನಕ ಕುಡಿದುಕೊಂಡು ಸುಮ್ನೆ ಇರಬೇಡಿ. ಹಾಗಂತ ಬಿಳಿ ಸೆರಗು ಅಂದ ಕೂಡಲೇ ಗರ್ಭಕೋಶ ತೆಗೆಸಲು ಓಡುವುದೂ ಬೇಡ. ಮೊದಲು ಪರೀಕ್ಷೆ. ತಡವಾದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ತಿಂಗಳುಗಟ್ಟಲೆ ಅಲೆಯಬೇಕು, ಅದರ ಖರ್ಚು, ಸುಸ್ತು ನಿಮಗೆ ಗೊತ್ತೇ ಇದೆ ಅಲ್ವಾ.

ಮಳೆಗಾಲದ ಮೀನುಗಾರಿಕೆ ನಿಷೇಧ ಇರುವುದರಿಂದ ಈಗ ಜುಲೈ 31ರ ತನಕ ಬೋಟುಗಳು ದಡದಲ್ಲಿವೆ, ಮಾರ್ಕೆಟ್ಟಿಗೆ ಬುಟ್ಟಿ ಹೊತ್ತು ಓಡುವ ಗಡಿಬಿಡಿ ಕಡಿಮೆ. ಘಟ್ಟದ ಮೇಲೆ ಅಡಿಕೆ ಸುಲಿಯುವ ಕೆಲಸವೂ ಮುಗಿದಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಯಾವ ದಿನ ಮಾಡುತ್ತಾರೆ ಅಂತ ನಿಮ್ಮ ಊರಿನ ಆಶಾ ಅಕ್ಕನನ್ನು ಕೇಳಿ. ಮುಟ್ಟಿನ ದಿನ ಬಿಟ್ಟು ಹೋಗಿ. ಒಬ್ಬರೇ ಹೋಗಲು ಅಳುಕಾದರೆ ಅತ್ತಿಗೆಯನ್ನೋ ಪಕ್ಕದ ಮನೆಯವರನ್ನೋ ಕರೆದುಕೊಂಡು ಹೋಗಿ, ಅವರದ್ದೂ ಆಗಲಿ.