ಬುಟ್ಟಿಯ ರೊಟ್ಟಿ, ಬಾದಾಮಿಯ ಕಲ್ಲು

ಎಲ್ಲರಿಗೂ ನಮಸ್ಕಾರ.

ಬಾದಾಮಿಯ ಮೂರನೇ ಗುಹೆಗೆ ಹೋದವರೆಲ್ಲ ವಿಷ್ಣುವಿನ ವಿಗ್ರಹ ನೋಡುತ್ತಾರೆ. ಕ್ರಿ.ಶ. 578ರ ಶಾಸನವನ್ನೂ ಕೆಲವರು ನೋಡುತ್ತಾರೆ. ಮುಂದಿನ ಸಲ ಹೋದಾಗ ಕೆತ್ತನೆ ಇಲ್ಲದ ಬರಿ ಕಲ್ಲಿನ ಹತ್ತಿರವೂ ಎರಡು ನಿಮಿಷ ನಿಲ್ಲಿ. ಕಲ್ಲಿನಲ್ಲಿ ಓರೆ ಗೆರೆಗಳು ಹುಡುಕಿದರೆ ಸಿಗುತ್ತವೆ. ನೀರು ಹರಿಯುವಾಗ ತಳದ ಮರಳು ದಿಣ್ಣೆ ದಿಣ್ಣೆಯಾಗಿ ಮುಂದೆ ಸರಿಯುತ್ತದೆ. ದಿಣ್ಣೆಯ ಇಳಿಜಾರಿನಲ್ಲಿ ಮರಳು ಜಾರಿ ಕೂತ ಗುರುತೇ ಈ ಗೆರೆ. ಗೆರೆಯ ಕೆಳತುದಿ ಮೆಲ್ಲಗೆ ಬಾಗಿ ತಳವನ್ನು ಸೇರುತ್ತದೆ. ಮೇಲ್ತುದಿ ಮಾತ್ರ ಚಾಕುವಿನಿಂದ ಕೊಯ್ದ ಹಾಗೆ ನಿಂತುಬಿಡುತ್ತದೆ, ಏಕೆಂದರೆ ಮುಂದೆ ಬಂದ ನೀರು ದಿಣ್ಣೆಯ ತಲೆಯನ್ನೇ ಕೊಚ್ಚಿಕೊಂಡು ಹೋಗಿದೆ.

ಇದನ್ನು ಏಕೆ ಹೇಳಿದೆ ಅಂದರೆ, ಕಲ್ಲಿನ ಪದರಗಳನ್ನು ಓದುವ ನಮ್ಮಂಥ ಭೂವಿಜ್ಞಾನಿಗಳ ಮೊದಲ ಪ್ರಶ್ನೆಯೇ ಮೇಲೆ ಯಾವುದು, ಕೆಳಗೆ ಯಾವುದು ಅನ್ನೋದು. ಬುಟ್ಟಿಯಲ್ಲಿ ಪೇರಿಸಿದ ರೊಟ್ಟಿಗಳಲ್ಲಿ ತಳದ್ದು ಮೊದಲು ಸುಟ್ಟದ್ದು, ಅಲ್ವಾ? ಕಲ್ಲಿನ ಪದರಗಳೂ ಹಾಗೇ ಎಂದು ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೊ 1669ರಲ್ಲೇ ಬರೆದ. ಆದರೆ ಭೂಮಿಯೊಳಗಿನ ಒತ್ತಡಕ್ಕೆ ಕೆಲವೊಮ್ಮೆ ಬುಟ್ಟಿಯೇ ಮಗುಚಿರುತ್ತದೆ. ಆಗ ಇಂಥ ಕೊಯ್ದ ಗೆರೆ ನೋಡಿಯೇ ಯಾವ ಮೈ ಮೇಲಿತ್ತು ಎಂದು ಹೇಳಬೇಕು.

ಇನ್ನು ಹೆಸರು. ಕಣ್ಣಿಗೆ ಒಂದೇ ಬಗೆಯಾಗಿ ಕಂಡು, ನಕ್ಷೆಯಲ್ಲಿ ಗುರುತಿಸುವಷ್ಟು ದೊಡ್ಡದಾದ ಕಲ್ಲಿನ ಪದರಕ್ಕೆ ಫಾರ್ಮೇಶನ್ ಎನ್ನುತ್ತೇವೆ. ಅದರೊಳಗಿನ ಭಾಗ ಮೆಂಬರ್, ಹಲವು ಫಾರ್ಮೇಶನ್ ಸೇರಿದರೆ ಗ್ರೂಪ್. ಹೆಸರು ಸಾಮಾನ್ಯವಾಗಿ ಹತ್ತಿರದ ಊರಿನದು. ಬಾದಾಮಿ ಗ್ರೂಪ್, ಅದರೊಳಗೆ ಕೆರೂರು ಫಾರ್ಮೇಶನ್. ಅದರೊಳಗಿನ ಒಂದು ಮೆಂಬರಿನ ಹೆಸರೇ ಕೇವ್ ಟೆಂಪಲ್ ಅರೆನೈಟ್, ಅಂದರೆ ಗುಹಾದೇವಾಲಯದ ಮರಳುಗಲ್ಲು. ಚಾಲುಕ್ಯರ ಕೆಲಸ ಹೀಗೆ ಕಲ್ಲಿನ ಪಟ್ಟಿಯಲ್ಲೂ ಉಳಿದಿದೆ ಎನ್ನುವುದು ನನಗೆ ತುಂಬಾ ಇಷ್ಟದ ವಿಷಯ.

ಆದರೆ ಹೆಸರು ಬೇರೆ, ವಯಸ್ಸು ಬೇರೆ. ಒಂದೇ ದಿನ ನದಿಯ ಬಾಯಲ್ಲಿ ಮರಳು, ಸ್ವಲ್ಪ ಆಚೆ ಕೆಸರು, ಇನ್ನೂ ದೂರದಲ್ಲಿ ಸುಣ್ಣ ಕೂರುತ್ತಿರಬಹುದು. ಸಮುದ್ರ ನಿಧಾನವಾಗಿ ನೆಲದ ಮೇಲೆ ಏರಿ ಬಂದರೆ ಮರಳಿನ ಅಂಚೂ ಜೊತೆಗೇ ಸರಿಯುತ್ತದೆ. ಹಾಗಾಗಿ ಒಂದೇ ಮರಳುಗಲ್ಲು ಒಂದು ತುದಿಯಲ್ಲಿ ಹಳೆಯದು, ಇನ್ನೊಂದು ತುದಿಯಲ್ಲಿ ಹೊಸದು.

ಹಾಗಾದರೆ ಎರಡು ಊರಿನ ಪದರಗಳನ್ನು ಹೊಂದಿಸುವುದು ಹೇಗೆ? ಇಂಗ್ಲೆಂಡಿನಲ್ಲಿ ಕಾಲುವೆ ಅಗೆಯುವ ಕಡೆ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್ ದಾರಿ ತೋರಿಸಿದ. ನೋಡಲು ಒಂದೇ ಥರ ಇರುವ ಪದರಗಳನ್ನೂ ಒಳಗಿನ ಕಲ್ಲಾದ ಚಿಪ್ಪುಗಳಿಂದ ಬೇರೆ ಮಾಡಬಹುದು ಎಂದು ಅವನು ಕಂಡುಕೊಂಡ. ಒಮ್ಮೆ ಅಳಿದ ಜೀವಿ ಮರಳಿ ಬರುವುದಿಲ್ಲ. ಅದೇ ನಂಬಿಕೆಯ ಮೇಲೆ 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ದೊಡ್ಡ ನಕ್ಷೆಯನ್ನೇ ತಂದ.

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಆ ಅನುಕೂಲ ಇಲ್ಲ. ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲಿನ ಕಲ್ಲುಗಳಿವು. ಸುಣ್ಣದಕಲ್ಲಿನಲ್ಲಿ ಸಿಗುವುದು ಸ್ಟ್ರೊಮ್ಯಾಟೊಲೈಟ್, ಸೂಕ್ಷ್ಮಜೀವಿಗಳ ಪೊರೆಗಳು ಒಂದರ ಮೇಲೊಂದು ಬೆಳೆದ ಗುರುತು. ಅವು ಕೋಟ್ಯಂತರ ವರ್ಷ ಹೆಚ್ಚುಕಡಿಮೆ ಒಂದೇ ಥರ ಇದ್ದವು, ಕಾಲ ಹೇಳಲು ಅಷ್ಟಾಗಿ ಸಾಲವು. ಜ್ವಾಲಾಮುಖಿಯ ಬೂದಿಯ ಪದರ ಸಿಕ್ಕರೆ ಅದೃಷ್ಟ. ಬೂದಿ ದೂರದೂರಕ್ಕೆ ಒಂದೇ ಹೊತ್ತಿಗೆ ಬೀಳುತ್ತದೆ, ಅದರಲ್ಲಿನ ಜಿರ್ಕಾನ್ ಎಂಬ ಖನಿಜದ ಹರಳಿನಿಂದ ವಯಸ್ಸು ಲೆಕ್ಕ ಹಾಕಬಹುದು. ಮರಳಿನೊಳಗಿನ ಜಿರ್ಕಾನ್ ಅಷ್ಟು ಹೇಳುವುದಿಲ್ಲ. ಅದರಲ್ಲಿನ ಅತಿ ಚಿಕ್ಕ ವಯಸ್ಸಿನ ಹರಳಿಗಿಂತ ಪದರ ಹಳೆಯದಲ್ಲ, ಅಷ್ಟೇ ಗೊತ್ತಾಗುತ್ತದೆ.

ಇಂಥ ಕಡೆ ನಾವು ಜಾಸ್ತಿ ನಂಬುವುದು ಇಲ್ಲದ ಪದರವನ್ನು. ಕೆಳಗೆ ಬಾಗಲಕೋಟೆ ಗ್ರೂಪಿನ ಪದರಗಳು ಮಡಚಿ ಓರೆಯಾಗಿ ನಿಂತಿವೆ. ಅವುಗಳ ತಲೆ ಸವೆದು ಹೋಗಿದೆ. ಆ ಸವೆದ ಮೈಮೇಲೆ ಬಾದಾಮಿ ಗ್ರೂಪಿನ ಮರಳುಗಲ್ಲು ಹಾಸಿದ ಹಾಗೆ ಅಡ್ಡಡ್ಡ ಮಲಗಿದೆ. ಎರಡರಲ್ಲೂ ಮರಳು ಇದೆ ಎಂದು ಸುಮ್ನೆ ಒಂದಕ್ಕೊಂದು ಜೋಡಿಸಿದರೆ ತಪ್ಪಾಗುತ್ತದೆ. ಮೊದಲು ಎರಡೂ ಗ್ರೂಪು ಸೇರುವ ಈ ಸವೆದ ಗೆರೆಯನ್ನು ಹುಡುಕಬೇಕು. ಆ ಗೆರೆಯ ಮೇಲೆ ಅಂಗೈ ಇಟ್ಟರೆ ಹೆಬ್ಬೆರಳು ಓರೆ ಕಲ್ಲಿನ ಮೇಲಿರುತ್ತದೆ, ಉಳಿದ ಬೆರಳುಗಳು ಅಡ್ಡ ಕಲ್ಲಿನ ಮೇಲೆ. ಕೆಳಗಿನ ಕಲ್ಲು ಗಟ್ಟಿಯಾಗಿ, ಮಡಚಿ, ಮೇಲೆದ್ದು, ಸವೆದ ಕಾಲವೆಲ್ಲ ಆ ಸಂದಿನಲ್ಲಿದೆ.