ಬೇರೆ ಡಬ್ಬಿ

ಕೇಳುಗರಿಗೆಲ್ಲ ನಮಸ್ಕಾರ. ಲೋಕದ ರೀತಿಯಿಂದ ಬೇರೆಯಾಗಿ ಇರ್ಬೇಕು ಅಂತ ಭಕ್ತಿ ಇದ್ದವರು ಹೇಳ್ತೇವಲ್ಲ, ಅದು ಎಂತದರಿಂದ ಬೇರೆ, ಎಷ್ಟು ಬೇರೆ, ಇದರ ಬಗ್ಗೆ ಸ್ವಲ್ಪ ಮಾತಾಡ್ಬೇಕು ಅಂತ ತುಂಬಾ ಸಮಯದಿಂದ ಮನಸ್ಸಲ್ಲಿತ್ತು.

ನಮ್ಮದು ಮಂಗಳೂರಲ್ಲಿ ಬಾಸೆಲ್ ಮಿಶನ್, ಅಂದ್ರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ, ಅದರ ಕಾಲದಿಂದ ಕ್ರೈಸ್ತ ಸಭೆಯಲ್ಲಿರುವ ಕುಟುಂಬ. 1834ರಲ್ಲಿ ಮಿಶನರಿಗಳು ಇಲ್ಲಿಗೆ ಬಂದ ಮೇಲೆ ದೀಕ್ಷಾಸ್ನಾನ ತಗೊಂಡವರಲ್ಲಿ ಬಿಲ್ಲವರು ತುಂಬಾ ಜನ, ಮೂರ್ತೆ ಕಸುಬಿನ ಮನೆಯವರು. ಕಳ್ಳು ತೆಗೆಯುವ ಕೆಲಸ ಇನ್ನು ಬೇಡ ಅಂತ ಆಯ್ತು, ಮನೆಯವರು ಸೇರಿಸೋದಿಲ್ಲ, ಮತ್ತೆ ಹೊಟ್ಟೆಗೆ ಎಂತ ಮಾಡೋದು? ನೇಯ್ಗೆ, ಪ್ರೆಸ್ಸು, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿ ಬದಿಗೆ ಹೆಂಚಿನ ಕಾರ್ಖಾನೆ, ಇದೆಲ್ಲ ಶುರುವಾದದ್ದರ ಹಿಂದೆ ಈ ಹೊಟ್ಟೆಪಾಡಿನ ಪ್ರಶ್ನೆಯೂ ಇತ್ತು. ಅವರು ಬೇರೆಯಾದದ್ದು ಬಾಯಿಮಾತಲ್ಲಿ ಅಲ್ಲ, ಅನ್ನ ಬಿಟ್ಟು ಬಂದದ್ದು. ಭೂತಕ್ಕೆ, ಅಂದ್ರೆ ಊರಿನವರು ನಂಬುವ ದೈವಗಳಿಗೆ, ಕೈಮುಗಿಯಬೇಡಿ ಅಂತ ಹೇಳಿದ ಅದೇ ಮಿಶನ್ನಿನ ಮಿಶನರಿ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಬಂತು, ಊರಿನವರ ಹತ್ತಿರ ಕೂತು ಅವರ ಮಾತು ಕೇಳದೆ ಅಂಥ ಪುಸ್ತಕ ಆಗ್ಲಿಕ್ಕುಂಟಾ?

ನನಗೆ ಆಗ 16 ವರ್ಷ. ಯುವಜನರ ಶಿಬಿರ ಮುಗಿಸಿ ಬಂದಿದ್ದೆ, ಮೈಯಲ್ಲಿ ಬೆಂಕಿ. ಚೌತಿಯ ದಿನ ಸಂಜೆ ಪಕ್ಕದ ಮನೆಯ ಅಕ್ಕ ಸಣ್ಣ ಸ್ಟೀಲ್ ಡಬ್ಬಿ ಹಿಡ್ಕೊಂಡು ಬಂದ್ರು, ಪಂಚಕಜ್ಜಾಯ, ಬೆಲ್ಲ ಎಳ್ಳಿನ ಪರಿಮಳ ಗೇಟಿನ ತನಕ ಬರ್ತಿತ್ತು. ನಾನು ಬಾಗಿಲಲ್ಲೇ ನಿಂತು, ವಿಗ್ರಹಕ್ಕೆ ಇಟ್ಟದ್ದು ನಮಗೆ ಆಗೋದಿಲ್ಲ ಅಂತ ಹೇಳಿದೆ, ಅದೂ ದೊಡ್ಡ ಸ್ವರದಲ್ಲಿ. ಅಕ್ಕ ಒಂದು ಮಾತೂ ಹೇಳ್ಲಿಲ್ಲ, ಸೆರಗಲ್ಲಿ ಡಬ್ಬಿ ಮುಚ್ಚಿಕೊಂಡು ಹೋದ್ರು.

ಅಜ್ಜಿ ಒಳಗಿಂದ ಕೇಳಿಸ್ಕೊಂಡಿದ್ರು. ನಮ್ಮ ಅಜ್ಜಿ ನನಗಿಂತ ಎಷ್ಟೋ ಕಟ್ಟುನಿಟ್ಟು, ಸಿನಿಮಾ ಇಲ್ಲ, ಭೂತದ ಕೋಲಕ್ಕೆ ಹೋಗ್ಲಿಕ್ಕಿಲ್ಲ, ನೈವೇದ್ಯ ಒಂದು ಚೂರು ಮುಟ್ಟಿದವರಲ್ಲ. ಅವರು ಹೇಳಿದ್ದು ಇಷ್ಟು: “ಅದು ದೇವರಿಗೆ ಇಟ್ಟದ್ದಲ್ಲ ಮಗಾ. ನಾನು ತಿನ್ನುವುದಿಲ್ಲ ಅಂತ ಗೊತ್ತಾಗಿ ಅವಳು ನಮಗೆ ಅಂತ ಬೇರೆ ಪಾತ್ರೆಯಲ್ಲಿ ಕಲಸ್ತಾಳೆ. ಇಪ್ಪತ್ತು ವರ್ಷ ಆಯ್ತು.”

ನಾನು ಬೇರೆ ಬೇರೆ ಅಂತ ಕೂಗ್ತಾ ಇದ್ದೆ, ನಮ್ಮನ್ನು ಬೇರೆಯಾಗಿ ಇರ್ಲಿಕ್ಕೆ ಬಿಟ್ಟದ್ದು ಆ ಅಕ್ಕ, ಹಬ್ಬದ ಅಷ್ಟು ಗಡಿಬಿಡಿಯಲ್ಲಿ ಇನ್ನೊಂದು ಪಾತ್ರೆ ತೊಳೆದು.

ಬೈಬಲಿನಲ್ಲಿ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಒಂದು ಮಾತುಂಟು, ಲೋಕದ ಜನರ ಸಹವಾಸವೇ ಬೇಡ ಅಂತಾದ್ರೆ ನೀವು ಲೋಕವನ್ನೇ ಬಿಟ್ಟು ಹೋಗ್ಬೇಕಾದೀತು ಅಂತ. ಅವನು ಅಲ್ಲಿ ಗದರಿಸುವುದು ಸಭೆಯ ಒಳಗಿನವರನ್ನು, ದುರಾಸೆ, ಕುಡಿತ, ಮೋಸ ಇಟ್ಕೊಂಡು ಸಹೋದರ ಅಂತ ಹೇಳಿಸ್ಕೊಳ್ಳುವವರನ್ನು. ಈಗ ನಮ್ಮಲ್ಲಿ ಹುರುಪು ಹೆಚ್ಚಾದವರು ಮೊದಲು ನೋಡುವುದು ಪಕ್ಕದ ಮನೆಯ ದೀಪ, ರಂಗೋಲಿ, ತಟ್ಟೆ. ಮಗನ ಮದುವೆಗೆ ಹಾಲ್ ತುಂಬ ಲೈಟು ಹಾಕಿ ಸಾಲ ಮಾಡಿದ್ದು, ಬೇರೆ ದಾರಿಯಲ್ಲಿ ವರದಕ್ಷಿಣೆ ತಗೊಂಡದ್ದು, ಅದು ಲೋಕ ಅಂತ ಲೆಕ್ಕಕ್ಕೆ ಬರೋದೇ ಇಲ್ಲ. ನನಗೆ ಇದು ತುಂಬಾ ಬೇಜಾರು. ಬಿಡುವುದು ಕಷ್ಟ ಆಗುವಂಥದ್ದು ಒಂದನ್ನೂ ಬಿಡದೆ ನಾವು ಪ್ರತ್ಯೇಕ ಜನ ಅಂತ ಹೇಳುವುದು ಹೇಗೆ?

ಆ ರಾತ್ರಿ ಅಜ್ಜಿ ನನ್ನನ್ನು ಕರ್ಕೊಂಡು ಅವರ ಮನೆಗೆ ಹೋದ್ರು. ಚಾವಡಿಯಲ್ಲಿ ಕೂತು, “ನಮ್ಮ ಡಬ್ಬಿ ಎಲ್ಲಿ?” ಅಂತ ಕೇಳಿದ್ರು. ಅಡುಗೆಮನೆಯ ಹಲಗೆ ಮೇಲೆ ಉಳಿದದ್ದೆಲ್ಲದರಿಂದ ದೂರ, ಒಂದೇ ಇಟ್ಟಿದ್ರು. ನಾನು ಅಲ್ಲೇ ಕೂತು ತಿಂದೆ, ಕಣ್ಣಲ್ಲಿ ನೀರು ಬರ್ತಿತ್ತು, ಅಕ್ಕ ನನ್ನ ಬೆನ್ನು ಸವರಿ ಒಂದು ಲೋಟ ನೀರು ಕೊಟ್ರು.

ಇವತ್ತಿಗೂ ನೈವೇದ್ಯ ನಾನು ತಿನ್ನುವುದಿಲ್ಲ. ಅಕ್ಕ ಈಗ ಇಲ್ಲ, ಅಜ್ಜಿಯೂ ಇಲ್ಲ, ಅಕ್ಕನ ಸೊಸೆ ಕಲಸಿ ಕಳಿಸ್ತಾರೆ. ಡಬ್ಬಿಯ ಮುಚ್ಚಳ ಸರಿ ಕೂರುವುದಿಲ್ಲ, ಆದ್ರೂ ಅದರಲ್ಲೇ ಕಳಿಸ್ತಾರೆ. ನಮಸ್ಕಾರ.