ಅಜ್ಜನಿಗೆ ಮರೆವೋ, ಕಿವಿ ಕೇಳಿಸುತ್ತಿಲ್ಲವೋ?

ಕೇಳುಗರಿಗೆ ನಮಸ್ಕಾರ.

ನಮ್ಮ ಕಲಬುರಗಿ ಕಡೆ ಎಂಬತ್ತೈದು ದಾಟಿದವರ ಹತ್ತಿರ ಕುಳಿತರೆ ರಜಾಕಾರರ ಕಾಲದ ಮಾತು ಬಂದೇ ಬರುತ್ತದೆ. 1948ರಲ್ಲಿ ಯಾವ ಊರಿಗೆ ಓಡಿದೆವು, ಯಾರ ಮನೆಯಲ್ಲಿ ಅಡಗಿದ್ದೆವು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಮನೆಯವರಿಗೂ ಹೆಮ್ಮೆ: “ನೋಡ್ರಿ, ಅಜ್ಜಾರ ನೆನಪು ಎಷ್ಟು ಚುರುಕದ!” ಅದೇ ಅಜ್ಜ ಬೆಳಗ್ಗೆ ರೊಟ್ಟಿ ತಿಂದದ್ದು ಮರೆತು ಮತ್ತೆ ತಾಟು ಕೇಳಿದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ.

ನಗುವ ವಿಷಯ ಅಲ್ಲ ಇದು. ಹಳೆಯ ನೆನಪು ಮಿದುಳಿನಲ್ಲಿ ಹಲವು ಕಡೆ ಬೇರು ಬಿಟ್ಟಿರುತ್ತದೆ. ಹೊಸದನ್ನು ಹಿಡಿದಿಡಲು ಹಿಪೊಕ್ಯಾಂಪಸ್ ಅನ್ನುವ ಸಣ್ಣ ಭಾಗ ಬೇಕು. ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ಸಾಮಾನ್ಯವಾಗಿ ಶುರುವಿನಲ್ಲೇ ಅದಕ್ಕೆ ಕೈ ಹಾಕುತ್ತದೆ. ಹಾಗಾಗಿ ಬಾಯಿಪಾಠದ ವಚನವನ್ನು ತಪ್ಪಿಲ್ಲದೆ ಹೇಳಿದರು ಅಂತ ನಿಶ್ಚಿಂತೆಯಿಂದ ಇರಬೇಡಿ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದಿನಾ ಹೋಗುವ ಅಂಗಡಿಯಿಂದ ಮನೆಯ ದಾರಿ ತಪ್ಪುವುದು, ಪಿಂಚಣಿ ದುಡ್ಡಿನ ಲೆಕ್ಕ ಹತ್ತದಿರುವುದು, ಇವು ಬೇರೆ. ಆಗ ‘ಅರವತ್ತಕ್ಕೆ ಅರಳು ಮರಳು’ ಅಂದು ಕೈ ತೊಳೆದುಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕೆಲವೊಮ್ಮೆ ನಿದ್ದೆ ಮಾತ್ರೆ, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ.

2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಒಂದು ಲೆಕ್ಕ ಕೊಟ್ಟಿತು. ಡಿಮೆನ್ಷಿಯಾಕ್ಕೆ, ಅಂದರೆ ಆಲ್ಝೈಮರ್‌ನಂಥ ಮರೆವಿನ ಕಾಯಿಲೆಗಳಿಗೆ ದಾರಿ ಮಾಡಿಕೊಡುವ, ಆದರೆ ನಾವು ತಿದ್ದಬಹುದಾದ 14 ಕಾರಣಗಳಿವೆಯಂತೆ. ಅವನ್ನೆಲ್ಲ ತಿದ್ದಿದರೆ ಜಗತ್ತಿನಲ್ಲಿ ಸುಮಾರು ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಒಂಟಿತನ, ಎಲ್ಲವೂ ಆ ಪಟ್ಟಿಯಲ್ಲಿವೆ. ತಲೆಗೆ ಬೀಳುವ ಪೆಟ್ಟು ಕೂಡ ಇದೆ. ಬೈಕಿನ ಹಿಂದೆ ಅಜ್ಜಿಯನ್ನು ಕೂರಿಸಿಕೊಂಡು ಹೋಗುವ ಮೊಮ್ಮಕ್ಕಳೇ, ಆಕೆಗೂ ಒಂದು ಹೆಲ್ಮೆಟ್ ಇರಲಿ.

ನನಗೆ ಜಾಸ್ತಿ ಹೇಳಬೇಕಾಗಿರುವುದು ಕಿವಿಯ ಬಗ್ಗೆ. ಕಿವಿ ಮಂದವಾದರೆ ಪ್ರತಿ ಮಾತನ್ನೂ ಊಹೆ ಮಾಡಿಯೇ ಹಿಡಿಯಬೇಕು. ಮಿದುಳಿನ ಶಕ್ತಿಯೆಲ್ಲ ಅಲ್ಲೇ ಖರ್ಚಾದರೆ, ಕೇಳಿದ್ದನ್ನು ನೆನಪಿಡಲು ಏನು ಉಳಿಯುತ್ತದೆ? ಎರಡು ಸಲ “ಆಂ?” ಅಂದರೆ ಸೊಸೆ ರೇಗುತ್ತಾಳೆ, ಮೂರನೇ ಸಲ ಅಜ್ಜಿ ಕೇಳುವುದೇ ಇಲ್ಲ. ಕಟ್ಟೆಯ ಹರಟೆ ಬಿಡುತ್ತಾಳೆ. ಮದುವೆ ಮನೆಯಲ್ಲಿ ಮೂಲೆ ಹಿಡಿಯುತ್ತಾಳೆ. ನಾವು ಆಕೆಗೆ ಮರೆವು ಬಂತು ಅನ್ನುತ್ತೇವೆ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಗುಗ್ಗೆ ಕಟ್ಟಿದ್ದರೆ ತೆಗೆಸಿದರಾಯಿತು. ಶ್ರವಣ ಯಂತ್ರ ಬೇಕಾದರೆ ಹಾಕಿಸಿ. ಕನ್ನಡಕ ಹಾಕಲು ಇಲ್ಲದ ನಾಚಿಕೆ ಇದಕ್ಕೆ ಯಾಕೋ!

ಪದಬಂಧ ಬಿಡಿಸಿದರೆ ಸಾಕು ಅನ್ನುವವರಿದ್ದಾರೆ. ಬಿಡಿಸಲಿ, ಒಳ್ಳೆಯದೇ. ಆದರೆ ಬಿಪಿ ಮಾತ್ರೆ ಬಿಟ್ಟು ಪದಬಂಧ ಬಿಡಿಸಿದರೆ ಏನು ಬಂತು? ಏರಿದ ಬಿಪಿ, ಏರಿದ ಸಕ್ಕರೆ ಮಿದುಳಿನ ಸಣ್ಣ ರಕ್ತನಾಳಗಳನ್ನೇ ಕೆಡಿಸುತ್ತವೆ. ನೆನಪಿನ ಟಾನಿಕ್ಕಿಗೆ ಹಾಕುವ ದುಡ್ಡನ್ನು ಮಾತ್ರೆಗೆ ಹಾಕಿ. ಶರಣಬಸವೇಶ್ವರ ಕೆರೆಯ ದಂಡೆಯಲ್ಲೋ ಪಬ್ಲಿಕ್ ಗಾರ್ಡನ್ನಿನಲ್ಲೋ ಬೆಳಗಿನ ತಂಪಿನಲ್ಲಿ ನಡೆಯಿರಿ. ವಾರಕ್ಕೆ 150 ನಿಮಿಷವಾದರೆ ಚೆನ್ನ. ಜೊತೆಗೊಬ್ಬರಿದ್ದರೆ ಮಾತೂ ಆಯಿತು ಅಲ್ವಾ? ಭಜನೆಗೆ ಹೋಗುವವರು ವಾರಕ್ಕೊಂದು ಹೊಸ ಪದ ಕಲಿಯಿರಿ, ಗೊತ್ತಿದ್ದದ್ದನ್ನೇ ಹಾಡಿದರೆ ಮಿದುಳಿಗೆ ಹೊಸ ಕೆಲಸವಿಲ್ಲ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ವಯಸ್ಸಾದವರಿಗೆ ಬಾಯಾರಿಕೆ ಕಡಿಮೆ ಗೊತ್ತಾಗುತ್ತದೆ. ಕೇಳದಿದ್ದರೂ ನೀರು, ಮಜ್ಜಿಗೆ, ಅಂಬಲಿ ಕೊಡುತ್ತಿರಿ. ನೀರಿನ ಕೊರತೆಯಿಂದಲೋ ಮೂತ್ರದ ಸೋಂಕಿನಿಂದಲೋ ನಿನ್ನೆ ಚೆನ್ನಾಗಿದ್ದವರು ಇವತ್ತು ತೊದಲಬಹುದು, ಮಗನನ್ನೇ ಗುರುತಿಸದಿರಬಹುದು. ಹೀಗೆ ಒಮ್ಮಿಂದೊಮ್ಮೆಲೇ ಆದರೆ ಅದನ್ನು ಮುಪ್ಪಿನ ಮರೆವು ಅಂದುಕೊಳ್ಳಬೇಡಿ. ಅದು ಲಕ್ವಾದ ಸೂಚನೆಯೂ ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಬದಲಾವಣೆ ಯಾವಾಗ ಶುರುವಾಯಿತು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಜೊತೆಗೆ ಬರುವವರಿಲ್ಲ, ಏನು ಮಾಡುವುದು ತಿಳಿಯುತ್ತಿಲ್ಲ ಅನ್ನುವವರಿಗೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ. ನಮಸ್ಕಾರ.